ಜನವರಿ ಚಳಿಯಲ್ಲಿ ಅಪ್ಪ-ಅಮ್ಮನನ್ನು ಡರ್ಹಾಮ್‌ಗೆ ಕರ್ಕೊಂಡು ಹೋಗಬಹುದಾ?

ಲೀಡ್ಸ್‌ನಲ್ಲಿರೋ ಮೈಸೂರಿನವನು

ನಮಸ್ಕಾರ. ಮಗಳ ನಾಮಕರಣಕ್ಕೆ ಅಂತ ಅಪ್ಪ-ಅಮ್ಮ ಮೈಸೂರಿಂದ ಬಂದು ತಿಂಗಳಾಗ್ತಾ ಬಂತು. ಬಂದಾಗಿನಿಂದ ಮನೆ, ಸೂಪರ್ ಮಾರ್ಕೆಟ್, ಮನೆ. ಅಮ್ಮ ರೇಡಿಯೇಟರ್ ಪಕ್ಕದಿಂದ ಏಳಲ್ಲ. ಅಪ್ಪ ಮಧ್ಯಾಹ್ನ ನಾಲ್ಕಕ್ಕೆ ಪರದೆ ಸರಿಸಿ ನೋಡಿ "ಮುಗೀತಲ್ಲಪ್ಪಾ ಇವತ್ತಿನ ದಿನ" ಅಂತಾರೆ. ಸೂರ್ಯನನ್ನ ನಾನೇ ಮುಳುಗಿಸಿದ ಹಾಗೆ ನನಗೆ ಕಸಿವಿಸಿ.

ಇದೇ 28ಕ್ಕೆ ವಾಪಸ್ ಹೊರಡ್ತಾರೆ. ಅಷ್ಟರೊಳಗೆ ಒಂದು ದಿನ ಉತ್ತರ ಇಂಗ್ಲೆಂಡಿನ ಡರ್ಹಾಮ್, ಅಲ್ಲಿನ ಹಳೇ ಕೆಥೀಡ್ರಲ್ (ದೊಡ್ಡ ಚರ್ಚು) ತೋರಿಸೋಣ ಅಂತ ಆಸೆ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು, ಹಳೇ ಕಟ್ಟಡ ಕಂಡ್ರೆ ತಟ್ಟಿ ನೋಡದೆ ಮುಂದೆ ಹೋಗೋರಲ್ಲ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆನೂ ತಿನ್ನಲ್ಲ. ಈ ಚಳಿ, ಈ ಕತ್ತಲಲ್ಲಿ ಅಲ್ಲಿಗೆ ಹೋಗೋದು ದಡ್ಡತನ ಆಗತ್ತಾ? ಹೋಗಿ ಬಂದವರು ಹೇಳಿ.

ಪೆಡ್ರೋಡು

ಯಾರ್ಕ್ ನಿಮಗೆ ಅರ್ಧ ಗಂಟೆ ದಾರಿ ಅಷ್ಟೇ. ರೈಲ್ವೆ ಮ್ಯೂಸಿಯಂ ಪುಕ್ಕಟೆ, ಮಳೆ ಬಂದ್ರೂ ತಲೆ ಮೇಲೆ ಸೂರಿರತ್ತೆ, ಊರೂ ಸಮತಟ್ಟು. ಡರ್ಹಾಮ್ ಪೂರ್ತಿ ಏರು-ಇಳಿಜಾರು. ಮಂಡಿ ನೋವಿನವರನ್ನ ಯಾಕೆ ಹತ್ತಿಸ್ತೀರಿ? ಅದನ್ನ ಬೇಸಿಗೆಗೆ ಇಟ್ಕೊಳ್ಳಿ.

ನ್ಯೂಕಾಸಲ್‌ನ ಬೇಲೂರಿನವಳು

ಮೊದಲು ಹೆಸರು. ಡರ್ಹಾಮ್ ಅಂದ್ರೆ ಇಲ್ಲಿಯವರು ಒಂದು ಕ್ಷಣ ಮುಖ ನೋಡ್ತಾರೆ. ಡರಮ್ ಅನ್ನಿ.

ಪೆಡ್ರೋಡಿನವರು ಹೇಳಿದ್ದು ಸುಳ್ಳಲ್ಲ, ಯಾರ್ಕ್ ಸುಲಭ. ಆದ್ರೆ ಬೇಸಿಗೆಗೆ ಇಟ್ಕೊಳ್ಳಿ ಅಂದಿದ್ದನ್ನ ಮಾತ್ರ ನಾನು ಒಪ್ಪಲ್ಲ. ನ್ಯೂಕಾಸಲ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು, ಡರಮ್ ನನಗೆ ರೈಲಲ್ಲಿ ಕಾಲು ಗಂಟೆ. ಎಲ್ಲ ಕಾಲದಲ್ಲೂ ನೋಡಿದೀನಿ. ಊರಿಂದ ಯಾರಾದ್ರೂ ಬಂದ್ರೆ ಚಳಿಗಾಲದಲ್ಲೇ ಕರ್ಕೊಂಡು ಹೋಗೋದು.

ಎಲ್ಲರೂ ಮಾಡೋ ತಪ್ಪು ಒಂದೇ: ಕತ್ತಲಾಗೋದ್ರೊಳಗೆ ಎಲ್ಲಾ ನೋಡಿ ಮುಗಿಸಿ ಓಡಿ ಬರಬೇಕು ಅನ್ನೋ ಲೆಕ್ಕ. ಆ ಲೆಕ್ಕ ಬಿಡಿ. ಕತ್ತಲಾಗೋ ಹೊತ್ತಿಗೆ ಸರಿಯಾಗಿ ಕೆಥೀಡ್ರಲ್ ಒಳಗೆ ಕೂತಿರೋ ಹಾಗೆ ಹೊರಡಿ. ಭಾನುವಾರ ಹೋಗಿ. ಈವನ್‌ಸಾಂಗ್ ಅಂತ ಅವರ ಸಂಜೆ ಪ್ರಾರ್ಥನೆ ಸಾಮಾನ್ಯವಾಗಿ ಬೇರೆ ದಿನ ಐದೂವರೆಗೆ, ಭಾನುವಾರ ಮಾತ್ರ ಮೂರೂವರೆಗೆ. ಜನವರಿ ಮಧ್ಯದಲ್ಲಿ ಸೂರ್ಯ ಮುಳುಗೋದು ನಾಲ್ಕೂ ಹತ್ತರ ಆಸುಪಾಸು. ಅಂದ್ರೆ ಹಾಡು ಶುರುವಾದಾಗ ಕಿಟಕಿ ಗಾಜಲ್ಲಿ ಬಣ್ಣ ಇರತ್ತೆ, ಮುಗಿಯೋ ಹೊತ್ತಿಗೆ ಕಪ್ಪು. ಇದನ್ನ ಜೂನ್‌ನಲ್ಲಿ ಎಷ್ಟು ದುಡ್ಡು ಕೊಟ್ರೂ ತೋರಿಸಲ್ಲ. ದುಡ್ಡು ಅಂದ್ರೆ ನೆನಪಾಯ್ತು, ಒಳಗೆ ಹೋಗೋಕೆ ಟಿಕೆಟ್ ಇಲ್ಲ. ಕಾಣಿಕೆ ಡಬ್ಬ ಇರತ್ತೆ, ಮನಸ್ಸಿಗೆ ಬಂದಷ್ಟು ಹಾಕಿ. ಶಾಲೆ ರಜೆಯಲ್ಲಿ ಅವರ ಹಾಡೋ ಮಕ್ಕಳು ಇರಲ್ಲ, ಹಾಗಾಗಿ ವರ್ಷದ ಮೊದಲ ವಾರ ಬೇಡ. ಸಮಯ ಅವರ ವೆಬ್‌ಸೈಟ್‌ನಲ್ಲಿ ನೋಡ್ಕೊಂಡೇ ಹೊರಡಿ.

ನಾನೂ ಇದನ್ನ ಪೆಟ್ಟು ತಿಂದೇ ಕಲಿತಿದ್ದು. ಮೊದಲ ಸಲ ಡಿಸೆಂಬರ್‌ನಲ್ಲಿ ನಮ್ಮತ್ತೆಯನ್ನ ಕರ್ಕೊಂಡು ಎರಡೂವರೆಗೆ ಇಳಿದೆ. ಒಂದು ಗಂಟೆಯಲ್ಲಿ ಕತ್ತಲು. ಅತ್ತೆ ಕಾಲುಚೀಲದ ಮೇಲೆ ಚಪ್ಪಲಿ ಹಾಕ್ಕೊಂಡಿದ್ರು, ಎಷ್ಟು ಹೇಳಿದ್ರೂ ಬೂಟು ಬೇಡ ಅಂದಿದ್ರು. ಬಾಗಿಲ ಹತ್ರ ಬಂದ ತಕ್ಷಣ ಅದನ್ನೂ ಬಿಚ್ಚೋಕೆ ಬಗ್ಗಿದ್ರು. "ಇಲ್ಲಿ ಹಾಕ್ಕೊಂಡೇ ಹೋಗೋದು ಅತ್ತೆ" ಅಂದ್ರೆ, "ದೇವರ ಮನೆಗೆ?" ಅಂತ ನನ್ನನ್ನೇ ದುರುಗುಟ್ಟಿ ನೋಡಿದ್ರು. ಕೊನೆಗೆ ಹಾಕ್ಕೊಂಡೇ ಬಂದ್ರು, ಆದ್ರೆ ಏನೋ ಕದ್ದವರ ಹಾಗೆ ತುದಿಗಾಲಲ್ಲಿ. ಬೆಚ್ಚಗಾಗಲಿ ಅಂತ ಸುಮ್ನೆ ಕೂತಿದ್ವಿ. ಅಲ್ಲಿನ ಸಿಬ್ಬಂದಿಯೊಬ್ಬರು ಬಂದು, ಪ್ರಾರ್ಥನೆಗೆ ಇರ್ತೀರಾ ಅಂತ ಕೇಳಿ, ಹಾಡುಗಾರರ ಹಿಂದಿನ ಮರದ ಆಸನಗಳಲ್ಲೇ ಕೂರಿಸಿದ್ರು. ಯಾವ ಧರ್ಮ ಅಂತ ಯಾರೂ ಕೇಳಲ್ಲ. ಎದುರುಬದುರು ಎರಡು ಸಾಲು, ಈ ಸಾಲಿನವರು ಒಂದು ಚರಣ ಹೇಳಿದ್ರೆ ಆ ಸಾಲಿನವರು ಮುಂದಿನದು. ಅತ್ತೆ ನನ್ನ ಕಿವಿಯಲ್ಲಿ, "ನಮ್ಮಲ್ಲಿ ಪಾರಾಯಣಕ್ಕೂ ಹೀಗೇ ಕೂರ್ತಾರಲ್ಲೇ" ಅಂದ್ರು. ಆಮೇಲೆ ಕಾಲು ತಣ್ಣಗಾಗಿದೆ ಅಂತ ಒಂದು ಮಾತೂ ಇಲ್ಲ.

ಅಪ್ಪನವರ ವಿಷಯಕ್ಕೆ ಬರ್ತೀನಿ. ಕಟ್ಟಡ ಶುರುವಾಗಿದ್ದು 1093ರಲ್ಲಿ, ಮುಖ್ಯ ಭಾಗದ ಕಲ್ಲಿನ ಕಮಾನು ಚಾವಣಿ ಮುಗಿದಿದ್ದು 1133ರ ಹೊತ್ತಿಗೆ. ನಮ್ಮ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117. ಅಂದ್ರೆ ವಿಷ್ಣುವರ್ಧನನ ಶಿಲ್ಪಿಗಳು ಅಲ್ಲಿ ಉಳಿ ಹಿಡಿದಿದ್ದಾಗ ಇಲ್ಲೂ ಯಾರೋ ಕುಟ್ಟುತ್ತಾ ಇದ್ರು. ಇದು ತಿಳಿದ ಮೇಲೆ ಆ ಕಂಬಗಳನ್ನ ನೋಡೋ ರೀತಿನೇ ಬೇರೆ ಆಯ್ತು ನನಗೆ. ನಮ್ಮದು ಬಳಪದ ಕಲ್ಲು, ಕಡೆದ ಕಂಬ, ಮುಖ ಕಾಣೋ ಅಷ್ಟು ಹೊಳಪು. ಇವರದು ಮರಳುಗಲ್ಲು, ಒರಟು. ಎತ್ತರ 6.6 ಮೀಟರ್, ಸುತ್ತಳತೆಯೂ ಅಷ್ಟೇ 6.6 ಮೀಟರ್. ಮೈ ಮೇಲೆ ದೇವರಿಲ್ಲ, ಮದನಿಕೆಯಿಲ್ಲ, ಬರೀ ಗೆರೆ: ಒಂದರ ಮೇಲೆ ಅಂಕುಡೊಂಕು, ಇನ್ನೊಂದರ ಮೇಲೆ ಶಂಕರಪೋಳಿ ಆಕಾರದ ಚೌಕ. ಎದುರುಬದುರು ಜೋಡಿಗೆ ಒಂದೇ ವಿನ್ಯಾಸ. ಹತ್ತಿರ ಹೋಗಿ ಕಲ್ಲು-ಕಲ್ಲಿನ ನಡುವಿನ ಸಂದು ನೋಡೋಕೆ ಹೇಳಿ. ಗೆರೆಗಳನ್ನ ಕಂಬ ನಿಲ್ಲಿಸಿದ ಮೇಲೆ ಕೊರೆದಿದ್ದಲ್ಲ, ಒಂದೊಂದು ಕಲ್ಲಲ್ಲೂ ಮೊದಲೇ ಕೊರೆದು ಆಮೇಲೆ ಜೋಡಿಸಿದ್ದು. ಇಂಜಿನಿಯರ್‌ಗೆ ಅಷ್ಟು ಸಾಕು, ಅರ್ಧ ಗಂಟೆ ನಿಮ್ಮನ್ನ ಮಾತಾಡಿಸಲ್ಲ.

ಚಳಿಗಾಲದ ಇನ್ನೊಂದು ಲಾಭ ಮರಗಳದ್ದು. ವಿಯರ್ ನದಿ ಬೆಟ್ಟವನ್ನ ಕುದುರೆ ಲಾಳದ ಹಾಗೆ ಸುತ್ತುತ್ತೆ, ದಂಡೆ ಪೂರ್ತಿ ಕಾಡು. ಬೇಸಿಗೆಯಲ್ಲಿ ಕೆಳಗೆ ನಿಂತ್ರೆ ಬರೀ ಎಲೆ. ಈಗ ಕೊಂಬೆಗಳ ಸಂದಿಯಲ್ಲಿ ಗೋಪುರಗಳು ಪೂರ್ತಿ ಕಾಣ್ತವೆ. ಫ್ರ್ಯಾಮ್‌ವೆಲ್‌ಗೇಟ್ ಸೇತುವೆ ಮೇಲೆ ನಿಂತ್ರೂ ಸಾಕು, ಕೆಳಗಿನ ದಂಡೆ ದಾರಿಗೆ ಅಮ್ಮನನ್ನ ಇಳಿಸಬೇಡಿ, ಕೆಸರು ಹೆಪ್ಪುಗಟ್ಟಿ ಜಾರತ್ತೆ. ಲೀಡ್ಸ್‌ನಿಂದ ಬರುವಾಗ ರೈಲಿನ ಬಲಗಡೆ ಕೂರಿಸಿ. ನಿಲ್ದಾಣ ಬರೋಕೆ ಮುಂಚೆ ಎತ್ತರದ ಸೇತುವೆ ಮೇಲೆ ಹೋಗ್ತಾ ಊರೆಲ್ಲ ಕೆಳಗೆ, ಕೆಥೀಡ್ರಲ್ ಎದುರಿಗೆ. ಅಷ್ಟಕ್ಕೇ ಬಂದಿದ್ದು ಸಾರ್ಥಕ ಅಂದವರಿದ್ದಾರೆ.

ಬಟ್ಟೆ ಬಗ್ಗೆ: ಹೊರಗಿನ ಚಳಿಗಿಂತ ಒಳಗಿನ ನೆಲದ ಚಳಿ ಕೆಟ್ಟದ್ದು. ಅಂಗಾಲಿಂದ ಮಂಡಿಗೆ ಏರತ್ತೆ. ಎರಡು ಜೊತೆ ಉಣ್ಣೆ ಕಾಲುಚೀಲ, ದಪ್ಪ ತಳದ ಬೂಟು, ಅಪ್ಪನವರಿಗೆ ಮಂಕಿ ಟೋಪಿ. ನಾಚಿಕೆ ಬೇಡ. ಈ ಕಟ್ಟಡದ ಚಳಿ ಹೊಸದೇನಲ್ಲ. 1650ರಲ್ಲಿ ಡನ್‌ಬಾರ್ ಯುದ್ಧದಲ್ಲಿ ಸೆರೆಸಿಕ್ಕ ಸಾವಿರಾರು ಸ್ಕಾಟ್ ಸೈನಿಕರನ್ನ ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್‌ನ ಕಡೆಯವರು ಇದರೊಳಗೆ ಕೂಡಿಹಾಕಿದ್ರು. ಮರದ ಸಾಮಾನೆಲ್ಲ ಚಳಿಗೆ ಸುಟ್ಟುಕೊಂಡ್ರು, ಗಡಿಯಾರ ಮಾತ್ರ ಬಿಟ್ಟರು, ಅದರ ಮೇಲೆ ಅವರ ನಾಡಿನ ಮುಳ್ಳುಹೂವಿನ ಕೆತ್ತನೆ ಇತ್ತಲ್ಲ ಅದಕ್ಕೆ ಅಂತಾರೆ. ಗಡಿಯಾರ ಈಗಲೂ ಇದೆ. ಆ ಸೈನಿಕರಲ್ಲಿ ಎಷ್ಟೋ ಜನ ಅಲ್ಲೇ ಸತ್ತರು. 2013ರಲ್ಲಿ ಪಕ್ಕದಲ್ಲಿ ಕಟ್ಟಡ ಕೆಲಸಕ್ಕೆ ಅಗೆದಾಗ ಎಲುಬು ಸಿಕ್ಕಿದ್ವು.

ಲೀಡ್ಸ್‌ನಲ್ಲಿರೋ ಮೈಸೂರಿನವನು

ಅಕ್ಕ, ಇದನ್ನ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಶಂಕರಪೋಳಿ ಅಂದಾಗ ಅಮ್ಮನೂ ಅಡುಗೆಮನೆಯಿಂದ ಬಂದ್ರು. ಎರಡು ಪ್ರಶ್ನೆ. ನಿಲ್ದಾಣದಿಂದ ಅಮ್ಮನನ್ನ ಹತ್ತಿಸೋದು ಹೇಗೆ? ಊಟಕ್ಕೇನು?

ಡರಮ್ ವಿದ್ಯಾರ್ಥಿ, ಊರು ಶಿರಸಿ

ನಾನು ಇಲ್ಲೇ ಓದ್ತಾ ಇದ್ದೇನೆ. ನಿಲ್ದಾಣದ ಹೊರಗೆ ಟ್ಯಾಕ್ಸಿ ಸಿಗ್ತದೆ, ಪ್ಯಾಲೆಸ್ ಗ್ರೀನ್ (ಕೆಥೀಡ್ರಲ್ ಎದುರಿನ ಬಯಲು) ತನಕ ಬಿಡಿ ಅಂತ ಹೇಳಿ. ನಡ್ಕೊಂಡು ಹೋದ್ರೆ ಮೊದಲು ಇಳಿಯಬೇಕು, ಸೇತುವೆ ದಾಟಬೇಕು, ಮತ್ತೆ ಹತ್ತಬೇಕು. ಕೊನೆಯ ಏರಿನಲ್ಲಿ ಗುಂಡುಕಲ್ಲು ಹಾಸಿದ್ದಾರೆ, ಮಂಡಿ ನೋವಿಗೆ ಅದೇ ಶತ್ರು. ಬರುವಾಗ ಅಪ್ಪ ಬೇಕಾದ್ರೆ ನಡೀಲಿ. ಭಾನುವಾರ ಬಿಟ್ಟು ಬೇರೆ ದಿನ ಕಾರು ತರುವ ಯೋಚನೆ ಇದ್ರೆ ಬಿಡಿ, ಮೇಲಿನ ಓಣಿಗಳಿಗೆ ಆಗ ಕಾರಿಗೆ ಶುಲ್ಕ ಇದೆ. 2002ರಲ್ಲೇ ಶುರು ಮಾಡಿದ್ರು, ಲಂಡನ್‌ಗಿಂತ ಮೊದಲು.

ಕೆಥೀಡ್ರಲ್ ಒಳಗೆ ಹೆಚ್ಚಿನ ಕಡೆ ನೆಲ ಸಮ. ಸೇಂಟ್ ಕತ್ಬರ್ಟ್ ಸಮಾಧಿಗೆ ಮಾತ್ರ ಒಂದಿಷ್ಟು ಮೆಟ್ಟಿಲು. ಗೋಪುರಕ್ಕೆ 325 ಮೆಟ್ಟಿಲು, ಆ ಸುದ್ದಿಯನ್ನ ಅಪ್ಪನಿಗೆ ಹೇಳಲೇಬೇಡಿ. ಊಟಕ್ಕೆ ಅಲ್ಲೇ ಕೆಫೆ ಉಂಟು, ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್ ಸಿಕ್ಕಿದ್ರೆ ಅದೇ ನಮ್ಮ ಮೃಷ್ಟಾನ್ನ. ಕೇಕು, ಸ್ಕೋನ್‌ಗೆ ಮೊಟ್ಟೆ ಬಿದ್ದಿರ್ತದೆ, ಕೇಳಿ.

ನ್ಯೂಕಾಸಲ್‌ನ ಬೇಲೂರಿನವಳು

ಊಟ ಮನೆಯಿಂದಲೇ ತಗೊಂಡು ಹೋಗಿ, ಪುಳಿಯೋಗರೆ ತಣ್ಣಗಾದ್ರೂ ನಡೆಯತ್ತೆ. ಆದ್ರೆ ರೈಲಲ್ಲೇ ತಿಂದು ಮುಗಿಸಿ. ಹೊರಗೆ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದ್ರೆ ಗ್ಲೌಸ್ ತೆಗೀಬೇಕು, ಗ್ಲೌಸ್ ತೆಗೆದ್ರೆ ಕೈ ಕೆಲಸ ಮಾಡಲ್ಲ. ಇನ್ನೊಂದು, ಭಾನುವಾರ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ ಹಾಕೋದುಂಟು. ಹಿಂದಿನ ರಾತ್ರಿ ನೋಡ್ಕೊಳ್ಳಿ.

ಅಮ್ಮನವರಿಗೆ ಅಂತ ಎರಡು ವಿಷಯ. ಪಶ್ಚಿಮದ ಕಡೆ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಪಟ್ಟಿ ಇದೆ. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಆ ಗೆರೆ ದಾಟಿ ಮುಂದೆ ಹೋಗೋ ಹಾಗಿರಲಿಲ್ಲ. ತೋರಿಸಿ, ಅವರ ಮುಖ ನೋಡಿ.

ಇನ್ನೊಂದು ಹಸುವಿನ ಕಥೆ. ಕತ್ಬರ್ಟ್ ತೀರಿಕೊಂಡಿದ್ದು 687ರಲ್ಲಿ, ಇನ್ನರ್ ಫಾರ್ನ್ ದ್ವೀಪದಲ್ಲಿ; ಹೂಳಿದ್ದು ಲಿಂಡಿಸ್‌ಫಾರ್ನ್ ದ್ವೀಪದಲ್ಲಿ. ಆಮೇಲೆ ಸಮುದ್ರದಿಂದ ಬಂದು ದೋಚುತ್ತಿದ್ದ ವೈಕಿಂಗರ ಕಾಟಕ್ಕೆ ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತುಕೊಂಡು ಲಿಂಡಿಸ್‌ಫಾರ್ನ್ ಬಿಟ್ಟರು. ಎಲ್ಲೆಲ್ಲೋ ಇದ್ದು, 995ರಲ್ಲಿ ಈ ಕಡೆ ಬಂದಾಗ ಪೆಟ್ಟಿಗೆ ಇದ್ದಲ್ಲೇ ಕೂತುಬಿಡ್ತಂತೆ, ಎತ್ತೋಕಾಗ್ಲಿಲ್ಲ. ಡನ್‌ಹೋಮ್‌ಗೆ (ಅಂದ್ರೆ ಈಗಿನ ಡರಮ್‌ಗೆ) ಒಯ್ಯಿರಿ ಅಂತ ಕನಸಾಯ್ತು, ಆದ್ರೆ ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳನ್ನ "ನನ್ನ ಹಸು ಕಂಡ್ಯಾ?" ಅಂತ ಕೇಳಿದ್ಲು, ಅವಳು "ಡನ್‌ಹೋಮ್ ಕಡೆ ಹೋಯ್ತು" ಅಂದ್ಲು. ಹಸು ಹುಡುಕ್ಕೊಂಡು ಹೊರಟವಳ ಹಿಂದೆ ಇವರೂ ಹೋದ್ರು, ಪೆಟ್ಟಿಗೆ ಹಗುರಾಯ್ತು. ಹೊರಗೋಡೆಯ ಉತ್ತರ ಬದಿಯಲ್ಲಿ, ಮೇಲೆ, ಹಸುವಿನ ಕೆತ್ತನೆ ಇದೆ. ಪಕ್ಕದ ಓಣಿಗೂ ಹಸುವಿನ ಓಣಿ ಅಂತಲೇ ಹೆಸರು. ಹುತ್ತಕ್ಕೆ ಹಾಲು ಸುರಿಸಿದ ಹಸುವಿನ ಹಿಂದೆ ಹೋಗಿ ದೇವರನ್ನ ಕಂಡ ಊರುಗಳು ನಮ್ಮಲ್ಲಿ ಎಷ್ಟಿಲ್ಲ? ಬಿಡಿಸಿ ಹೇಳೋ ಅಗತ್ಯವೇ ಬೀಳಲ್ಲ.

ಲೀಡ್ಸ್‌ನಲ್ಲಿರೋ ಮೈಸೂರಿನವನು

ಹೋಗಿ ಬಂದ್ವಿ. ರೈಲು ನಲವತ್ತು ನಿಮಿಷ ತಡ. ಅಮ್ಮ ಪುಳಿಯೋಗರೆ ಡಬ್ಬಿ ತೆಗೆದಾಗ ಬೋಗಿ ಪೂರ್ತಿ ಇಂಗಿನ ಘಮ, ಎದುರಿಗೆ ಕೂತಿದ್ದ ಹುಡುಗ ಏನು ಅಂತ ಕೇಳಿದ, ಅವನಿಗೂ ಒಂದು ಚಮಚ ಹೋಯ್ತು. ತಡವಾಗಿದ್ದಕ್ಕೆ ನದಿ, ಸೇತುವೆ ಎಲ್ಲ ಟ್ಯಾಕ್ಸಿ ಕಿಟಕಿಯಲ್ಲೇ ನೋಡಿದ್ದು. ಬಾಗಿಲ ಹೊರಗೆ ಅಮ್ಮ ಒಂದೆರಡು ಸಲ ಬಗ್ಗಿ ಬೂಟು ನೋಡ್ಕೊಂಡ್ರು. ನಾನು ಕಾಣದವನ ಹಾಗೆ ಇದ್ದೆ.

ಅಪ್ಪ ಒಳಗೆ ಕಾಲಿಟ್ಟವರೇ ಮೊದಲ ದುಂಡು ಕಂಬದ ಹತ್ರ ಹೋಗಿ ತಟ್ಟಿದ್ರು. ಆಮೇಲೆ ಎರಡೂ ಕೈ ಚಾಚಿ ಕಂಬ ತಬ್ಬಿ, ಬೆರಳು ಮುಟ್ಟಿದ ಕಡೆ ನನ್ನ ಕೈ ಇಡಿಸಿ, ಸರಿದು ಮತ್ತೆ ತಬ್ಬಿ, ಹೀಗೆ ಸುತ್ತ ಅಳೆದ್ರು. ಕೋಟಿನ ದಪ್ಪ ಬಿಟ್ಟು ನಾಲ್ಕು ಮಾರಿಗೆ ಸ್ವಲ್ಪ ಕಮ್ಮಿ. "ಆರೂವರೆ ಮೀಟರ್ ಮೇಲೇ ಇದೆ, ಆ ಹೆಣ್ಣುಮಗಳು ಸರಿಯಾಗೇ ಹೇಳಿದಾರೆ" ಅಂತ ತೀರ್ಪು ಕೊಟ್ರು. ಅಲ್ಲಿದ್ದ ಸ್ವಯಂಸೇವಕಿ ನಗ್ತಾ ನೋಡ್ತಿದ್ರು, ಬೈಲಿಲ್ಲ.

ಅಮ್ಮ ಕಪ್ಪು ಗೆರೆ ದಾಟಿ ಹೋಗಿ, ವಾಪಸ್ ಬಂದು, ಇನ್ನೊಂದ್ಸಲ ದಾಟಿದ್ರು. ಮಂಡಿ ನೋವಿದ್ದೂ!

ಹಾಡಿನ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಕಿಟಕಿ ಯಾವಾಗ ಕಪ್ಪಾಯ್ತು ಅಂತ ನೋಡ್ಬೇಕು ಅಂದ್ಕೊಂಡಿದ್ದೆ, ಮರೆತೇ ಹೋಯ್ತು. ಹೊರಗೆ ಬಂದಾಗ ಪೂರ್ತಿ ರಾತ್ರಿ. ಅಪ್ಪ "ಮುಗೀತು ದಿನ" ಅನ್ನಲಿಲ್ಲ, ಟೀ ಎಲ್ಲಿ ಸಿಗತ್ತೆ ಅಂತ ಕೇಳಿದ್ರು. ಹಸುವಿನ ಕೆತ್ತನೆ ಕತ್ತಲಲ್ಲಿ ಕಾಣಲಿಲ್ಲ, ಅದೊಂದು ಬಾಕಿ. ಅಮ್ಮ ಅವತ್ತಿಂದ ಕೇಳ್ತಾನೇ ಇದಾರೆ: ಆ ಹಸುವಿಗೆ ಹೆಸರೇನು?

ನ್ಯೂಕಾಸಲ್‌ನ ಬೇಲೂರಿನವಳು

ಹೆಸರಿಟ್ಟಿಲ್ಲ ಇವರು. ಬಣ್ಣ ಮಾತ್ರ ಹೇಳ್ತಾರೆ, ಡನ್ ಅಂತ, ಮಾಸಲು ಕಂದು. ನಮ್ಮೂರಾಗಿದ್ರೆ ಕಪಿಲೆ ಅಂತಿದ್ವಿ ಅಂತ ಅಮ್ಮನಿಗೆ ಹೇಳಿ.