ಅಪ್‌ಡೇಟ್: ರ‍್ಯಾಮ್ ಡಿಸ್ಕ್ ಮಾಡಿ ನೋಡಿದೆ, ಪರಿಹಾರ ಬೇರೆಲ್ಲೋ ಸಿಕ್ತು
ಹೋದ ವಾರ ಕೇಳಿದ್ದೆನಲ್ಲ, ಗೇಮ್‌ನಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ತಡೆದು ತಡೆದು ಓಡುತ್ತೆ, ರ‍್ಯಾಮ್ ಡಿಸ್ಕ್ (ರ‍್ಯಾಮ್‌ನ ಒಂದು ಭಾಗವನ್ನೇ ಡ್ರೈವ್ ತರ ಬಳಸೋದು, ಪಿಸಿ ಆಫ್ ಆದ್ರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತೆ) ಮಾಡಿದ್ರೆ ಸರಿಹೋಗುತ್ತಾ ಅಂತ. ಮಾಡಿದೆ. 16 ಜಿಬಿಯಲ್ಲಿ 8 ಜಿಬಿ ಅದಕ್ಕೇ ಕೊಟ್ಟು ಗೇಮನ್ನ ಅದರೊಳಗೆ ಹಾಕಿದೆ. ಲೋಡಿಂಗ್ ಚುರುಕಾಯ್ತು, ಆದರೆ ಆಟ ಇನ್ನೂ ಕೆಟ್ಟುಹೋಯ್ತು! ಉಳಿದ ರ‍್ಯಾಮ್ ಸಾಲದೆ ವಿಂಡೋಸ್, ರ‍್ಯಾಮ್ ಸಾಲದಾಗ ಡ್ರೈವಲ್ಲಿ ಬಳಸೋ ಜಾಗವಾದ ಪೇಜ್ ಫೈಲ್‌ಗೆ ಕೈಹಾಕ್ತಿತ್ತು, ಅದಿದ್ದದ್ದು ಹಳೇ ಹಾರ್ಡ್ ಡಿಸ್ಕಲ್ಲಿ. ಸಾಲದ್ದಕ್ಕೆ, ಪಿಸಿ ಆಫ್ ಮಾಡಿದಾಗ ಗೇಮ್ ಫೋಲ್ಡರಲ್ಲಿದ್ದ ನನ್ನ ಸೇವ್ ಕೂಡ ಮಾಯ.

ಡ್ರೈವರ್ ಬದಲಿಸಿದ್ದೂ ಉಪಯೋಗವಾಗಲಿಲ್ಲ. ಕೊನೆಗೆ "ರ‍್ಯಾಮ್ ಡಿಸ್ಕ್ ತೆಗೀರಿ, ಗೇಮು, ಪೇಜ್ ಫೈಲು ಎರಡನ್ನೂ ವೇಗದ ಎಸ್‌ಎಸ್‌ಡಿಗೆ ಹಾಕಿ" ಅಂದವರ ಮಾತೇ ಗೆದ್ದಿತು. ಈಗ ತಡವರಿಕೆ ಇಲ್ಲವೇ ಇಲ್ಲ ಅನ್ನಬಹುದು. ಖಾಲಿ ರ‍್ಯಾಮನ್ನ ವಿಂಡೋಸ್ ತಾನಾಗೇ ಫೈಲ್ ಕ್ಯಾಶ್‌ಗೆ (ಓದಿದ ಫೈಲ್‌ಗಳನ್ನ ಮತ್ತೆ ಬೇಗ ಸಿಗೋ ಹಾಗೆ ರ‍್ಯಾಮಲ್ಲೇ ಇಟ್ಟುಕೊಳ್ಳೋಕೆ) ಬಳಸಿಕೊಳ್ಳುತ್ತಂತೆ, ನನಗದು ಗೊತ್ತೇ ಇರಲಿಲ್ಲ.