ಪದಚರ್ಚೆ: ಅಳಿಸಿದ, ಕಾಣೆಯಾದ, ತಡೆಹಿಡಿದ ಸಂಚಿಕೆಗಳು

ಪ್ರಶ್ನೆ: ಅಮೆರಿಕದ ಹಳೆಯ ಟಿವಿ ಗೇಮ್ ಶೋಗಳ ಮರುಪ್ರಸಾರದ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವೈಪ್ಡ್’, ‘ಮಿಸ್ಸಿಂಗ್’, ‘ಲಾಸ್ಟ್’ ಮೂರಕ್ಕೂ ‘ಕಳೆದುಹೋದ’ ಎಂದು ಬರೆದರೆ ನಡೆದೀತೇ? ‘ಕಿನೆಸ್ಕೋಪ್’, ‘ಬೇಕಿಂಗ್’ ಪದಗಳಿಗೆ ಏನು ಹಾಕಲಿ?

ಉತ್ತರ: ಮೂರಕ್ಕೂ ಒಂದೇ ಪದ ಬೇಡ, ಲೇಖನದ ಹುರುಳೇ ಕೆಡುತ್ತದೆ. ವೈಪ್ಡ್ ಎಂದರೆ ಬೇಕೆಂದೇ ಅಳಿಸಿದ್ದು. 1956ರಲ್ಲಿ ಆಂಪೆಕ್ಸ್ ಕಂಪನಿ ತಂದ ಎರಡು ಇಂಚು ಅಗಲದ ವಿಡಿಯೊ ಟೇಪು ಬಲು ದುಬಾರಿ. ಹಗಲಿನ ಗೇಮ್ ಶೋವನ್ನು ಮತ್ತೆ ಯಾರು ನೋಡುತ್ತಾರೆಂದು ವಾಹಿನಿಗಳು ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿಕೊಂಡವು. ಎನ್‌ಬಿಸಿ ವಾಹಿನಿಯಲ್ಲಿ 1964ರಿಂದ 1975ರವರೆಗೆ ಆರ್ಟ್ ಫ್ಲೆಮಿಂಗ್ ನಡೆಸಿಕೊಟ್ಟ ‘ಜೆಪರ್ಡಿ!’ಯ ಬಹುಪಾಲು ಹೋದದ್ದು ಹೀಗೆ. ಇದಕ್ಕೆ ‘ಅಳಿಸಿದ ಸಂಚಿಕೆ’ ಎನ್ನಿ. ಪ್ರತಿ ಎಲ್ಲಿದೆಯೆಂದು ತಿಳಿಯದ, ಸಿಕ್ಕರೂ ಸಿಗಬಹುದಾದದ್ದು ‘ಕಾಣೆಯಾದ ಸಂಚಿಕೆ’. ಪೀಟರ್ ಮಾರ್ಷಲ್ ನಿರೂಪಕರಾಗಿದ್ದ ಕಾಲದ ‘ಹಾಲಿವುಡ್ ಸ್ಕ್ವೇರ್ಸ್’ ಅಳಿದೇಹೋಯಿತು ಎಂದುಕೊಂಡಿದ್ದಾಗ ಒಂದಷ್ಟು ಟೇಪು ಸಿಕ್ಕಿ, 2002ರಲ್ಲಿ ಹಳೆಯ ಗೇಮ್ ಶೋಗಳನ್ನು ಹಾಕುವ ವಾಹಿನಿ ಗೇಮ್ ಶೋ ನೆಟ್‌ವರ್ಕ್‌ನಲ್ಲಿ ಬಂತು.

ಲೇಖಕರು ‘ಲಾಸ್ಟ್’ ಎಂದದ್ದು ಇವೆರಡರಲ್ಲಿ ಯಾವುದು ಎಂದು ಪ್ರತಿ ಸಲವೂ ನೋಡಿ ಬರೆಯಬೇಕು. ಮೂರನೆಯ ಬಗೆಯೂ ಒಂದಿದೆ: ಟೇಪು ಭದ್ರವಾಗಿದೆ, ಪ್ರಸಾರ ಮಾತ್ರ ಇಲ್ಲ. ‘ದಿ ಪ್ರೈಸ್ ಈಸ್ ರೈಟ್’ನಲ್ಲಿ ತುಪ್ಪಳದ ಕೋಟನ್ನು ಬಹುಮಾನವಾಗಿಟ್ಟಿದ್ದ ಸಂಚಿಕೆಗಳನ್ನು, ಪ್ರಾಣಿಪರ ನಿಲುವಿನ ನಿರೂಪಕ ಬಾಬ್ ಬಾರ್ಕರ್ ಒಪ್ಪದ ಕಾರಣ, ಗೇಮ್ ಶೋ ನೆಟ್‌ವರ್ಕ್ ಹಾಕುತ್ತಿರಲಿಲ್ಲ. ಇವು ‘ತಡೆಹಿಡಿದ’ ಸಂಚಿಕೆಗಳು.

ಕಿನೆಸ್ಕೋಪನ್ನು ಹಾಗೆಯೇ ಬಿಡಿ. ‘ಚಿತ್ರಮುದ್ರಿಕೆ’ಯಂಥ ಹೊಸ ಪದ ಓದುಗರಿಗೆ ಏನನ್ನೂ ಹೇಳದು. ಮೊದಲ ಸಲ ಬಂದಾಗ ‘ಟಿವಿ ಪರದೆಗೆ ಫಿಲ್ಮ್ ಕ್ಯಾಮೆರಾ ಹಿಡಿದು ತೆಗೆದ ಪ್ರತಿ’ ಎಂದು ವಿವರಿಸಿದರೆ ಸಾಕು. ಹೆಚ್ಚಾಗಿ 16 ಮಿ.ಮೀ. ಕಪ್ಪುಬಿಳುಪು ಫಿಲ್ಮು. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಫೀಲ್ಡ್ (ಅರ್ಧ ಚಿತ್ರ), ಫಿಲ್ಮಿನಲ್ಲಿ 24 ಫ್ರೇಮ್ (ಪೂರ್ಣ ಚಿತ್ರ). ಹಾಗಾಗಿ ಚಲನೆ ತುಸು ಜರ್ಕು ಹೊಡೆಯುತ್ತದೆ. ಬಿಳಿ ಭಾಗವೂ ಹರಡಿಕೊಳ್ಳುತ್ತದೆ. ಬಣ್ಣದಲ್ಲಿ ಪ್ರಸಾರವಾದ ಶೋ ಕಪ್ಪುಬಿಳುಪಾಗಿ ಉಳಿದಿದ್ದರೆ ಈ ಕಪ್ಪುಬಿಳುಪು ಫಿಲ್ಮೇ ಕಾರಣ, ಅದನ್ನು ಬಣ್ಣ ಮಾಸಿತೆಂದು ಬರೆಯಬೇಡಿ. ‘ವಾಟ್ಸ್ ಮೈ ಲೈನ್?’ (1950–67) ಇಷ್ಟೊಂದು ಉಳಿದದ್ದು ನಿರ್ಮಾಪಕರಾದ ಗುಡ್‌ಸನ್ ಮತ್ತು ಟಾಡ್‌ಮನ್ 1952ರಿಂದ ತಾವೇ ದುಡ್ಡು ಕೊಟ್ಟು ಕಿನೆಸ್ಕೋಪ್ ಮಾಡಿಸಿದ್ದರಿಂದ.

ಬೇಕಿಂಗ್‌ಗೆ ‘ಬೇಯಿಸುವುದು’ ತಪ್ಪು, ‘ಹದವಾಗಿ ಕಾಯಿಸುವುದು’ ಸರಿ. 1970ರ ದಶಕದಿಂದೀಚಿನ ಕೆಲವು ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಚಿತ್ರ ಹಿಡಿದಿಟ್ಟ ಲೇಪನ ಕಿತ್ತು, ಯಂತ್ರದಲ್ಲಿ ಟೇಪು ಓದುವ ಭಾಗವಾದ ಹೆಡ್‌ಗೆ ಮೆತ್ತಿಕೊಂಡು, ಚಿತ್ರವೂ ಹೋಗುತ್ತದೆ. ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು, ನಿಧಾನಕ್ಕೆ ಆರಲು ಬಿಟ್ಟು, ತಡಮಾಡದೆ ಡಿಜಿಟಲ್ ಪ್ರತಿ ತೆಗೆಯಬೇಕು. ಗುಣ ತಾತ್ಕಾಲಿಕ, ತೇವ ಮತ್ತೆ ಸೇರುತ್ತದೆ. ಆದ್ದರಿಂದ ‘ದುರಸ್ತಿ’ ಎಂದೂ ಬರೆಯಬೇಡಿ. ಜಿಗುಟಿಲ್ಲದ ಟೇಪಿಗೆ ಈ ಉಪಚಾರ ಬೇಡ, ಕಿನೆಸ್ಕೋಪ್ ಫಿಲ್ಮಿಗಂತೂ ಶಾಖ ತಾಗಲೇಬಾರದು.

ಲೇಖನದಲ್ಲಿ ‘ಬ್ಯಾಂಡಿಂಗ್’ ಬಂದರೆ ‘ಅಡ್ಡಪಟ್ಟೆ ಬೀಳುವುದು’. ಎರಡಿಂಚಿನ ಯಂತ್ರದ ಚಕ್ರದಲ್ಲಿ ನಾಲ್ಕು ಹೆಡ್‌ಗಳಿರುತ್ತವೆ. ಒಂದರ ಮಟ್ಟ ಉಳಿದವಕ್ಕೆ ಹೊಂದದಿದ್ದರೆ ಅದು ಓದಿದ ಗೆರೆಗಳಷ್ಟೇ ಬೇರೆ ಛಾಯೆಯಲ್ಲಿ ಕಾಣುತ್ತವೆ. ‘ಸಿಂಡಿಕೇಶನ್’ಗೆ ಮಾತ್ರ ‘ಮರುಪ್ರಸಾರ’ ಹಾಕಬೇಡಿ, ಅದು ಬೇರೆ ಬೇರೆ ಕೇಂದ್ರಗಳಿಗೆ ಮಾರುವ ವ್ಯವಹಾರ; ಹೊಚ್ಚಹೊಸ ಸಂಚಿಕೆಗಳೂ ಹಾಗೆ ಮಾರಾಟವಾಗುತ್ತಿದ್ದವು. ಇದಕ್ಕೆ ಒಪ್ಪುವ ಕನ್ನಡ ಪದ ಬಲ್ಲವರು ತಿಳಿಸಿ.