ಗಪ್ಪತಿಯ ಅಪ್ಪೆಮರಕ್ಕೆ ಅರ್ಧ ಕ್ಷೌರ

ದೀಪಾವಳಿ ಕಳೆದ ಭಾನುವಾರ ಶಿರಸಿ ಪಕ್ಕದ ಗಪ್ಪತಿ ಮನೆಗೆ ಹೋದರೆ ಆಸಾಮಿ ಜಗಲಿಯಲ್ಲಿಲ್ಲ. ಅಂಗಳದಂಚಿನ ಅಪ್ಪೆಮಿಡಿ ಮಾವಿನ ಮರವನ್ನು ತಬ್ಬಿಕೊಂಡು ನಿಂತಿದ್ದ. ಕೈಯಲ್ಲಿ ತೆಂಗಿನ ನಾರಿನ ಬ್ರಷ್ಷು, ಕಾಲ ಬುಡದಲ್ಲಿ ಬಕೆಟ್ಟು. ಎಮ್ಮೆ ಮೈ ತೊಳೆಯೋ ಹಾಗೆ ಮರ ತಿಕ್ಕುತ್ತಿದ್ದ.

"ಎಂತದೋ ಇದು, ಮರಕ್ಕೆ ಎಣ್ಣೆಸ್ನಾನ ಬಾಕಿ ಉಳಿದಿತ್ತಾ?" ಅಂದೆ.

"ರೋಗ ಮಾರಾಯಾ! ನೋಡು, ಮೈತುಂಬ ಹುಳಕಡ್ಡಿ. ಎರಡು ವರ್ಷ ಆತು, ಒಂದು ಭರಣಿಗಾಗೋವಷ್ಟು ಮಿಡಿ ಬಿಟ್ಟಿದ್ದಿಲ್ಲೆ."

ನೋಡಿದೆ. ಬೂದಿ ಬಣ್ಣದ್ದು, ತಿಳಿಹಸಿರಿನದ್ದು, ಯಾರೋ ಸುಣ್ಣ ಎರಚಿದ ಹಾಗೆ ಬಿಳೀದು, ದುಂಡು ದುಂಡು ಮಚ್ಚೆಗಳು. ಒಂದು ಬಿಳಿ ಮಚ್ಚೆಯ ಮೇಲಂತೂ ಹಳೇ ಕಾಲದ ಶ್ಯಾನುಭೋಗರು ಮೋಡಿ ಅಕ್ಷರದಲ್ಲಿ ಲೆಕ್ಕ ಬರೆದಿಟ್ಟ ಹಾಗೆ ಕಪ್ಪು ಗೀರುಗಳು.

ಅಷ್ಟೊತ್ತಿಗೆ ನಿವೃತ್ತ ಜೀವಶಾಸ್ತ್ರದ ಮಾಸ್ತರು ಕವಳದ ಸಂಚಿ ಸಮೇತ ಬಂದರು. ಅವರ ಹಿಂದೆ ಕುಮಟೆಯ ಭಾವ. ಹಬ್ಬಕ್ಕೆ ಬಂದು ಇನ್ನೂ ವಾಪಸಾಗದ ಬೆಂಗಳೂರು ಸುಬ್ಬ ಜಗಲಿಯಲ್ಲೇ ತೂಕಡಿಸುತ್ತಿದ್ದವ ಎದ್ದು ಬಂದ. ಹರಟೆಗೆ ಕೋರಂ ಭರ್ತಿ.

ಮಾಸ್ತರು ಕೈಯಲ್ಲಿದ್ದ ಲೋಟದ ನೀರನ್ನು ಒಂದು ಬೂದು ಮಚ್ಚೆಗೆ ಚಿಮುಕಿಸಿದರು. ನೋಡ್ತಾ ನೋಡ್ತಾ ಅದು ಹಸಿರಾಯಿತು! ಗಪ್ಪತಿ ಒಂದು ಹೆಜ್ಜೆ ಹಿಂದೆ ಸರಿದ. "ಮಂತ್ರ ಗಿಂತ್ರ ಕಲಿತಿದ್ದೀರಾ?"

"ಕಲ್ಲುಹೂವು ಕಣೋ. ಒಣಗಿದಾಗ ಮೇಲಿನ ಪದರ ಮಬ್ಬಾಗಿರ್ತದೆ. ನೀರು ಬಿದ್ದರೆ ತೆಳುವಾದ ಪಂಚೆ ಒದ್ದೆಯಾದ ಹಾಗೆ, ಒಳಗಿನದ್ದೆಲ್ಲ ಕಾಣ್ತದೆ. ಒಳಗಿರೋದು ಪಾಚಿ."

"ಕಲ್ಲುಹೂವಾ? ಮರದ ಮೇಲಿದೆ, ಹೂವೂ ಅಲ್ಲ" ಅಂತ ಕುಮಟೆ ಭಾವ ಕಾನೂನು ಪಾಯಿಂಟ್ ಎತ್ತಿದ. ಬಂಡೆಯ ಮೇಲೂ ಬೆಳೀತದೆ, ಅಲ್ಲಿಂದ ಹೆಸರು ಬಂದಿರಬೇಕು ಅಂತ ನಾನೇ ರಾಜಿ ಮಾಡಿಸಿದೆ.

ಮಾಸ್ತರಿಗೆ ಎಲೆಗೆ ಸುಣ್ಣ ಹಚ್ಚುತ್ತ ಹಚ್ಚುತ್ತ ಹುರುಪು ಬಂತು. ಇದು ಒಂದು ಜೀವವೇ ಅಲ್ಲವಂತೆ, ಕೂಡುಕುಟುಂಬವಂತೆ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡ್ತದೆ. ಒಳಗೆ ಕೂತ ಪಾಚಿ ಬಿಸಿಲಲ್ಲಿ ಸಕ್ಕರೆ ಬೇಯಿಸಿ ಬಡಿಸ್ತದೆ. 1860ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಶ್ವೆಂಡನರ್ ಎಂಬಾತ ಇದನ್ನು ಹೇಳಿದಾಗ ಆಗಿನ ಕಲ್ಲುಹೂವಿನ ಪಂಡಿತರೆಲ್ಲ ಮುರಕೊಂಡು ಬಿದ್ದರಂತೆ. ಆತ ಶಿಲೀಂಧ್ರವನ್ನು ಯಜಮಾನ ಅಂತಲೂ ಪಾಚಿಯನ್ನು ಗುಲಾಮ ಅಂತಲೂ ಕರೆದಿದ್ದನಂತೆ.

"ಅಡುಗೆ ಮಾಡೋರು ಗುಲಾಮರಾ?" ಒಳಗಿಂದ ಗಪ್ಪತಿಯ ಹೆಂಡತಿಯ ಸ್ವರ. ನಾವು ಐದೂ ಜನ ಮರದ ತುದಿ ನೋಡಿದೆವು.

ಮಾಸ್ತರು ದನಿ ತಗ್ಗಿಸಿ ಮುಂದುವರಿಸಿದರು. "ಇಷ್ಟಕ್ಕೇ ಮುಗೀಲಿಲ್ಲ. 2016ರಲ್ಲಿ ನೋಡಿದರೆ ಹಲವು ಜಾತಿಯ ಕಲ್ಲುಹೂವಿನ ಹೊರಪದರದಲ್ಲಿ ಮೂರನೆಯವ ಒಬ್ಬ ಸಿಕ್ಕಿದ, ಯೀಸ್ಟು. ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿದ್ದ."

"ಮನೆ ಅಳಿಯ" ಅಂದ ಸುಬ್ಬ. ಎರಡು ವಾರದಿಂದ ಮಾವನ ಮನೆಯಲ್ಲಿ ಉಣ್ಣುತ್ತಿರೋನ ಬಾಯಲ್ಲೇ ಅದು ಬಂದದ್ದು ಉಚಿತವಾಗಿತ್ತು.

ಆಮೇಲೆ ಅವನದ್ದೇ ಸರದಿ. "ಏನೇ ಹೇಳಿ, ಬೆಂಗಳೂರಲ್ಲಿ ನಮ್ಮ ಬೀದಿ ಮರಗಳು ಎಷ್ಟು ಕ್ಲೀನು!"

"ಅದು ಕ್ಲೀನಲ್ಲ, ಹೊಗೆ. 1866ರಲ್ಲೇ ನೈಲಾಂಡರ್ ಅನ್ನೋರು ಪ್ಯಾರಿಸ್ಸಿನಲ್ಲಿ ಗಮನಿಸಿದ್ದರು. ಲಕ್ಸೆಂಬರ್ಗ್ ತೋಟದ ಮರಗಳಲ್ಲಿ ಕಲ್ಲುಹೂವು ಸಮೃದ್ಧಿ, ಊರೊಳಗಿನ ಮರಗಳಲ್ಲಿ ಬರ. ಇದಕ್ಕೆ ಬೇರಿಲ್ಲ, ಮಳೆ ಇಬ್ಬನಿ ಗಾಳಿಯಿಂದಲೇ ಎಲ್ಲಾ ಹೀರಬೇಕು. ಗಾಳೀಲಿ ಗಂಧಕದ ಹೊಗೆ ಇದ್ದರೆ ಮೊದಲು ಸಾಯೋದು ಇದೇ. ಹೊಗೆಗೆ ಜಗ್ಗದ ಕೆಲವು ಜಾತಿಯೂ ಇವೆ ಅನ್ನು."

"ಅವು ಐಟಿ ಕಂಪನಿಯವು" ಅಂದ ಭಾವ.

ಗಪ್ಪತಿಗೆ ಇದ್ಯಾವುದೂ ಬೇಡ. "ಗಾಳಿ ಹೀರ್ತೋ, ನನ್ನ ಮರದ ರಸ ಹೀರ್ತೋ? ಕೊಳೆರೋಗದ ಮದ್ದು ಹೊಡೆದು ಉಳಿದ ಮೈಲುತುತ್ತ ಇದ್ದು. ಇದಕ್ಕೂ ಸುಣ್ಣ ಸೇರಿಸಿ ಬೋರ್ಡೋ ಕಲಸಿ ಹೊಡೆದುಬಿಡ್ಲಾ?"

"ಹೊಡಿ. ತಾಮ್ರಕ್ಕೆ ಪಾಚಿ ಸಾಯ್ತದೆ. ಆದರೆ ಮಿಡಿ ಬಿಡೂದಿಲ್ಲ. ಇದು ನಿನ್ನ ಮರದ ಸತ್ತ ತೊಗಟೆ ಮೇಲೆ ಚಾಪೆ ಹಾಸಿ ಕೂತಿದೆ, ಅಷ್ಟೇ. ಮರ ಮೊದಲೇ ಸೊರಗಿ ಎಲೆ ಉದುರಿಸಿದೆ, ಸಂದಿಯಲ್ಲಿ ಬಿಸಿಲು ಬಿದ್ದಿದೆ, ಇದು ಹಬ್ಬಿದೆ. ಹೆಣ ನೋಡಲಿಕ್ಕೆ ಬಂದವರನ್ನೇ ಕೊಲೆಗಾರರು ಅಂದರೆ ಹೇಗೆ?"

ಭಾವ ಹಳೇ ಪೇಪರಿನ ವಿಷಯ ತೆಗೆದ. 2005ರಲ್ಲಿ ಯುರೋಪಿನವರು ಕಲ್ಲುಹೂವನ್ನು ರಷ್ಯಾದ ಉಪಗ್ರಹದಲ್ಲಿ ಮೇಲೆ ಕಳಿಸಿ, ಎರಡು ವಾರ ಗಾಳಿಯಿಲ್ಲದ ಬಯಲಲ್ಲಿ ಬಿಟ್ಟು ತಂದರೂ ಬದುಕಿತ್ತಂತೆ. "ಅಂಥಾದ್ದು ಗಪ್ಪತಿ ಬ್ರಷ್ಷಿಗೆ ಹೆದರ್ತದಾ?"

"ಹೆದರ್ತದೆ," ಅಂದರು ಮಾಸ್ತರು, "ಅಲ್ಲಿ ತಿಕ್ಕೋರು ಯಾರೂ ಇರಲಿಲ್ಲ. ಇಂಥ ತೊಗಟೆಗಂಟಿದ ಜಾತಿ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು ಬೆಳೀತದೆ. ಈಗ ನೀನು ಒಂದು ನಿಮಿಷದಲ್ಲಿ ಕೆರೆದದ್ದು ನಿನ್ನ ಹಿಸ್ಸೆ ಕೇಸಿಗಿಂತ ಹಳೇದು."

ಗಪ್ಪತಿಯ ಹಿಸ್ಸೆ ಕೇಸು ಅವನಪ್ಪನ ಕಾಲದ್ದು. ಅವನ ಕೈಯಿಂದ ಬ್ರಷ್ಷು ತಾನಾಗಿ ಇಳಿಯಿತು.

ಕೆರೆದದ್ದನ್ನು ಮಸಾಲೆಗಾದರೂ ಹಾಕಬಹುದಲ್ಲ, ಅಂಗಡಿಯಲ್ಲಿ ಕಲ್ಲುಹೂವಿಗೆ ಎಷ್ಟು ರೇಟು, ಅಂತ ಸುಬ್ಬ ಲೆಕ್ಕಕ್ಕೆ ಶುರು ಮಾಡಿದ. ಮಸಾಲೆಗೆ ಹೋಗೋದು ಎಲೆಯ ಹಾಗೆ ಅಗಲವಾದ ಬೇರೆ ಜಾತಿ, ಕಂಡದ್ದನ್ನೆಲ್ಲ ಪಲಾವಿಗೆ ಹಾಕಿದರೆ ನಿನ್ನನ್ನೇ ಹುಬ್ಬಳ್ಳಿ ಆಸ್ಪತ್ರೆಗೆ ಕರಕೊಂಡು ಹೋಗಬೇಕಾದೀತು ಅಂತ ಮಾಸ್ತರು ಅಲ್ಲಿಗೇ ಬ್ರೇಕ್ ಹಾಕಿದರು.

"ಹಂಗಾದ್ರೆ ಮರ ಸೊರಗಿದ್ದು ಎಂತಕ್ಕೆ?" ಗಪ್ಪತಿ ಅಳುವ ದನಿಯಲ್ಲಿ ಕೇಳಿದ.

ಮಾಸ್ತರು ಕತ್ತೆತ್ತಿ ಕೊಂಬೆಯ ಮೇಲೆ ಕಣ್ಣು ನೆಟ್ಟರು. ಅಲ್ಲಿ ಮಾವಿನದಲ್ಲದ ಎಲೆಯ ದಟ್ಟ ಪೊದೆ, ಅದರ ತುಂಬ ಕಿತ್ತಳೆ ಕೆಂಪಿನ ಹೂವು.

"ಅದಾ? ಅದು ಚಂದ ಇದ್ದು ಹೇಳಿ ಬಿಟ್ಟಿದ್ದೆ. ಹಕ್ಕಿ ಬತ್ತು, ಹಣ್ಣು ತಿಂತು…"

"ತಿಂದು ಅಂಟು ಬೀಜವನ್ನು ಪಕ್ಕದ ಕೊಂಬೆಗೆ ಒರೆಸಿ ಹೋಗ್ತದೆ. ಬಂದಳಿಕೆ ಮಾರಾಯಾ! ಕೊಂಬೆಯೊಳಗೇ ಬೇರಿಳಿಸಿ ರಸ ಕುಡೀತಾ ಕೂತಿದೆ. ಕಳ್ಳನಿಗೆ ಅಟ್ಟದ ಮೇಲೆ ಹಾಸಿಗೆ ಹಾಸಿ, ಅಂಗಳದಲ್ಲಿ ಬಡಪಾಯಿ ಸಂನ್ಯಾಸಿಗೆ ಬಾರಕೋಲು!"

ಮರದ ಕಡೆ ತಿರುಗಿ ನೋಡಿದೆ. ಎಡಗಡೆ ನುಣ್ಣಗೆ, ಬಲಗಡೆ ಗಡ್ಡ. ಕರೆಂಟು ಹೋದ ಸಲೂನಿನಿಂದ ಎದ್ದು ಬಂದ ಹಾಗಿತ್ತು.

"ಹಂಗಾದ್ರೆ ಈಗಲೇ ಹತ್ತಿ ಕೊಂಬೆ ಸಮೇತ ಕಡಿದುಬಿಡೋಣ. ಯಾರು ಹತ್ತೋದು?" ಅಂದ ಗಪ್ಪತಿ.

ಆಗಲೇ ಬಂದಳಿಕೆಯ ಪಕ್ಕದಲ್ಲಿ ಎಲೆಗಳನ್ನು ಹೊಲಿದು ಕಟ್ಟಿದ ಚಗಳಿ ಇರುವೆಯ ಗೂಡು ಎಲ್ಲರಿಗೂ ಏಕಕಾಲಕ್ಕೆ ಕಾಣಿಸಿತು. ಮಾಸ್ತರಿಗೆ ಮಂಡಿನೋವು ನೆನಪಾಯಿತು. ಭಾವನಿಗೆ ಕುಮಟೆ ಬಸ್ಸು. ಸುಬ್ಬ ಫೋನು ಕಿವಿಗಿಟ್ಟುಕೊಂಡು ಯಾರೂ ಕರೆ ಮಾಡದೆಯೇ "ಹಲೋ" ಅಂದ. ನಾನು ಅಡಿಕೆ ಮರ ಹತ್ತೋ ಕೊನೆಗೌಡನನ್ನು ಕರೆದು ತರುತ್ತೇನೆ ಅಂತ ಹೇಳಿ ಗೇಟು ದಾಟಿದೆ. ಅಡಿಕೆ ಕೊಯ್ಲು ಮುಗಿಯೋವರೆಗೆ ಅವನು ಯಾರ ಕೈಗೂ ಸಿಗೋದಿಲ್ಲ ಅನ್ನೋದು ನನಗೂ ಗೊತ್ತು, ಗಪ್ಪತಿಗೂ ಗೊತ್ತು.